ಮಣೆಯ ಮೇಲೆ ಹಾಸಿದ ಪೇಪರ್

ಬಿ.ಎಸ್ಸಿ. ನರ್ಸಿಂಗ್ ನಾಲ್ಕು ವರ್ಷದ ಓದು. ಓದಿದವಳು ನನ್ನ ಮೊಮ್ಮಗಳು, ಮಲಗಿದವನು ನಾನು. ಆಕೆ ರಜೆಗೆ ಮನೆಗೆ ಬಂದಾಗಲೆಲ್ಲ ನನಗೊಂದು ಹೊಸ ರೋಗ ಬರುತ್ತಿತ್ತು. ಒಮ್ಮೆ ಕೈಮುರಿದು ಜೋಳಿಗೆ ಕಟ್ಟಿಸಿಕೊಂಡೆ, ಒಮ್ಮೆ ತಲೆ ಒಡೆದು ಪಟ್ಟಿ ಸುತ್ತಿಸಿಕೊಂಡೆ. ರೋಗಿ ಮಲಗಿದ್ದಾಗಲೇ, ಅವನನ್ನು ಎಬ್ಬಿಸದೆ, ಹಾಸಿಗೆಯ ಚಾದರ ಬದಲಿಸುವ ಒಂದು ವಿದ್ಯೆ ಇದೆ. ಅದನ್ನು ಆಕೆ ನನ್ನ ಮೇಲೆಯೇ ಕಲಿತಳು. ಆಕೆಯ ಕಾಲೇಜಿನಲ್ಲಿ ಇದಕ್ಕೆಲ್ಲ ರಬ್ಬರಿನ ಗೊಂಬೆ ಇದೆಯಂತೆ. ಗೊಂಬೆ ಸುಮ್ಮನೆ ಮಲಗಿರುತ್ತದೆ, ಅದರಿಂದ ಏನು ಕಲಿಯಲಾಗುತ್ತದೆ? ನಾನು ನರಳುತ್ತಿದ್ದೆ, ಉರುಳುತ್ತಿದ್ದೆ, ನಡುವೆಯೇ ಎದ್ದು ಚಹಾ ಕೇಳುತ್ತಿದ್ದೆ. ಬೈಲಹೊಂಗಲ ತಾಲೂಕಿನಲ್ಲೇ ನನ್ನಂಥ ರೋಗಿ ಇನ್ನೊಬ್ಬನಿಲ್ಲ.

ಒಂದು ಸಲ ಬಿಸಿ ಚಹಾ ಬಾಯಲ್ಲಿ ಹಿಡಿದಿದ್ದು, ಆಮೇಲೆ ಥರ್ಮಾಮೀಟರ್ ಕಚ್ಚಿದೆ. ಆಕೆ ಅದನ್ನು ತೆಗೆದು ನೋಡಿದಳು, ನನ್ನನ್ನು ನೋಡಿದಳು.

“ಅಜ್ಜಾ, ಇಷ್ಟ ಜ್ವರ ಇದ್ದಾಂವ ಹಿಂಗ ನಕ್ಕೋತ ಮಲಗಂಗಿಲ್ಲ. ಬಾಯಿ ತೊಳ್ಕೊಂಡ ಬಾ. ಇನ್ನೊಮ್ಮಿ ನೋಡೂಣು.”

ಅಂದಿನಿಂದ ಆಕೆಯ ಮೇಲೆ ನನಗೆ ಭರವಸೆ ಬಂತು. ನನ್ನ ಆಟಕ್ಕೆ ಬೀಳದವರು ನಮ್ಮೂರಲ್ಲಿ ಕಡಿಮೆ. ಸವದತ್ತಿ ಬಸ್ಸು ಇವತ್ತು ಕೆರೆದಂಡೆಯಿಂದ ಬಿಡುತ್ತದೆ ಎಂದು ಹೇಳಿ ಅರ್ಧ ಊರನ್ನು ಬಿಸಿಲಲ್ಲಿ ನಿಲ್ಲಿಸಿದವನು ನಾನು. ಮುರಗೋಡದ ಬೀಗರ ಚಹಾಕ್ಕೆ ಉಪ್ಪು ಹಾಕಿಸಿ, ಅವರು ಮರ್ಯಾದೆಗೆ ಪೂರ್ತಿ ಕುಡಿಯುವುದನ್ನು ನೋಡುತ್ತ ಕುಳಿತವನೂ ನಾನೇ. ತಮ್ಮನ ಮದುವೆಯ ಹಿಂದಿನ ದಿನ ಅವನು ಮಲಗಿದ್ದಾಗ ಅರ್ಧ ಮೀಸೆ ತೆಗೆದೆ. ಉಳಿದರ್ಧವನ್ನು ಅವನೇ ಅಳುತ್ತ ತೆಗೆಸಿಕೊಂಡ. ಅದೇ ವಾರ ಅಪ್ಪ ಮನೆಯ ಹಿರೇತನವನ್ನು ಅವನಿಗೆ ಕೊಟ್ಟ. ಹಿರಿಯ ಮಗ ನಾನಿದ್ದರೂ ಹಿರಿಯನ ಮಣೆಯ ಮೇಲೆ ಊಟಕ್ಕೆ ಕೂರುವವನು ತಮ್ಮ. ನಮ್ಮ ಮನೆಯಲ್ಲಿ ಆ ಮಣೆ ಒಂದೇ. ಅದರ ಮೇಲೆ ಕೂತವನ ತಾಟಿಗೆ ಮೊದಲ ರೊಟ್ಟಿ ಬೀಳುತ್ತದೆ, ಅವನ ಮಾತು ಮನೆಯ ಮಾತಾಗುತ್ತದೆ. ನನಗೆ ಬೇಸರವೇನೂ ಇರಲಿಲ್ಲ. ಕೊನೆಯ ರೊಟ್ಟಿಗೆ ಬೆಣ್ಣೆ ಹೆಚ್ಚು ಸಿಗುತ್ತಿತ್ತು.

ಮೊಮ್ಮಗಳು ನರ್ಸಿಂಗ್ ಸೇರುತ್ತೇನೆ ಅಂದಾಗ ತಮ್ಮ ಆ ಮಣೆಯ ಮೇಲಿಂದಲೇ ಬೇಡ ಅಂದಿದ್ದ. ಕಂಡವರ ಮೈ ತೊಳೆಯುವ ಕೆಲಸ ನಮ್ಮ ಮನೆತನಕ್ಕಲ್ಲ ಎಂಬುದು ಅವನ ವಾದ. “ನಿನ್ನ ಮೈಯನ್ನ ಹುಟ್ಟಿದಾಗ ಯಾರ ತೊಳದಾರ? ಕಂಡವರ ತೊಳದಾರಪಾ, ನಾ ಕಂಡೇನಿ,” ಅಂದೆ. ಆಕೆಯ ಅಪ್ಪ, ಅಂದರೆ ನನ್ನ ಮಗ, ಮೆತ್ತಗಿನವನು. ಅವನು ತಾಟು ನೋಡುತ್ತ ಕೂತ. ಕೊನೆಗೆ ತಮ್ಮ ಒಪ್ಪಿದ, ಆದರೆ ಒಂದು ಮಾತಿನ ಮೇಲೆ: ಕಲಿಯುವುದೆಲ್ಲ ಊರ ಹೊರಗೆ, ನಮ್ಮೂರಿನವರ ಕಣ್ಣಿಗೆ ಬೀಳಬಾರದು.

ಮೂರನೆಯ ವರ್ಷ ಕಾಲೇಜಿನವರು ಹುಡುಗಿಯರನ್ನು ಹಳ್ಳಿಗೆ ಕಳಿಸುತ್ತಾರೆ. ಮನೆಮನೆಗೆ ಹೋಗಿ ಬಸುರಿಯರನ್ನು, ಮಕ್ಕಳನ್ನು, ಬಿಪಿ, ಸಕ್ಕರೆ ಕಾಯಿಲೆಯ ಮುದುಕರನ್ನು ನೋಡಬೇಕು. ಇದು ಮುಗಿಯದೆ ಪರೀಕ್ಷೆಗೆ ಕೂರಿಸುವುದಿಲ್ಲ. ಆ ವರ್ಷ ಅವರು ಆರಿಸಿದ ಹಳ್ಳಿ ನಮ್ಮದೇ. ಬೆಳಿಗ್ಗೆ ಕಾಲೇಜಿನ ಗಾಡಿ ಬಂದು ಹುಡುಗಿಯರನ್ನು ಇಳಿಸಿತು. ನಮ್ಮವಳು ನೀಲಿ ಸಮವಸ್ತ್ರದಲ್ಲಿ, ಹೆಗಲಿಗೆ ಚೀಲ ಹಾಕಿಕೊಂಡು, ಅವರ ಮುಂದೆಯೇ ಇದ್ದಳು. ನಾನು ಕಟ್ಟೆಯ ಮೇಲಿಂದ ಜೋರಾಗಿ ಕೆಮ್ಮಿದೆ. ಆಕೆ ತಿರುಗಿಯೂ ನೋಡಲಿಲ್ಲ.

ಆಕೆ ಮೊದಲು ಹೋದದ್ದು ಊರ ದೊಡ್ಡಮನೆಗೆ. ಅಲ್ಲಿಯ ಹಿರಿಯಮ್ಮನಿಗೆ ಬಿಪಿ ಇದೆ, ಜಂಬವೂ ಇದೆ. ಹುಡುಗಿ ಒಳಗೆ ಹೋದವಳೇ ಚೀಲದ ಬದಿಯಿಂದ ಒಂದು ಹಳೆಯ ಪೇಪರ್ ತೆಗೆದು ನೆಲಕ್ಕೆ ಹಾಸಿದಳು, ಅದರ ಮೇಲೆ ಚೀಲ ಇಟ್ಟಳು. ನೀರು ಕೇಳಿ, ತನ್ನದೇ ಸಾಬೂನಿನಿಂದ ಕೈ ತೊಳೆದಳು. ಬಿಪಿ ನೋಡಿದಳು, ಉಪ್ಪಿನಕಾಯಿ ಕಡಿಮೆ ಮಾಡಿರೆಂದು ಹೇಳಿದಳು. ಹೊರಡುವಾಗ ನೆಲಕ್ಕೆ ತಾಗಿದ ಮಗ್ಗುಲು ಒಳಗೆ ಬರುವ ಹಾಗೆ ಪೇಪರನ್ನು ಮಡಚಿ ತೆಗೆದುಕೊಂಡಳು. ಮುದುಕಿ ಇದನ್ನೆಲ್ಲ ನೋಡುತ್ತ ಕೂತಿದ್ದಳು. ಅಂದೇ ಬೆಳಿಗ್ಗೆ ಸಾರಿಸಿದ ನೆಲ ಅದು.

ಮಧ್ಯಾಹ್ನದೊಳಗೆ ಸುದ್ದಿ ಊರ ತುಂಬ ಹರಡಿತು: ನರ್ಸ್ ಹುಡುಗಿಯರು ನಮ್ಮ ಮನೆಗಳನ್ನು ಹೊಲಸು ಎಂದು ಪೇಪರ್ ಹಾಸುತ್ತಾರೆ, ಹೋಗುವಾಗ ಸೆಗಣಿ ಎತ್ತಿದ ಹಾಗೆ ಮಡಚಿಕೊಂಡು ಹೋಗುತ್ತಾರೆ. ಮೇಲಿನ ಓಣಿಯ ಬಾಗಿಲುಗಳು ಒಂದೊಂದಾಗಿ ಮುಚ್ಚಿದವು. ತೆರೆದಿದ್ದದ್ದು ಕೆಳಗಿನ ಓಣಿ, ಬುದ್ಧನ ಫೋಟೋ ಇಟ್ಟುಕೊಂಡ ಮನೆಗಳ ಓಣಿ. ಮಧ್ಯಾಹ್ನವೆಲ್ಲ ಆಕೆ ಅಲ್ಲೇ ಕೆಲಸ ಮಾಡಿದಳು. ಅಲ್ಲಿ ನನ್ನ ಗೆಳೆಯನೊಬ್ಬನಿದ್ದಾನೆ, ಬಸ್ ಕಂಡಕ್ಟರ್ ಆಗಿ ನಿವೃತ್ತನಾದವನು. ಕೆರೆದಂಡೆಯ ಬಸ್ಸಿನ ಆಟದಲ್ಲಿ ನನ್ನ ಪಾಲುದಾರ. ಸಂಜೆ ಕಟ್ಟೆಗೆ ಬಂದವನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ.

“ದೊಡ್ಡಮನಿಯವರಿಗೆ ಭಾಳ ನೋವಾಗೇತಂತಲ್ಲೋ. ನಮ್ಮಪ್ಪ ಆ ಮನಿ ಅಂಗಳದಾಗ ಕುಂದರಬೇಕಾದ್ರ ಪೇಪರ ಹಾಳಾಗಿ ಹೋಗ್ಲಿ, ಒಂದು ಗೋಣಿಚೀಲಾನೂ ಕೊಡ್ತಿರಲಿಲ್ಲ. ಈಗ ಒಂದ ಪೇಪರಿಗೇ ಇಷ್ಟ ಉರಿ ಎದ್ದೈತಿ.”

“ನಿಮ್ಮ ಮನ್ಯಾಗೂ ಹಾಸಿದ್ಲೇನ?”

“ಹಾಸಿದ್ಲಪಾ. ನನ್ನ ಹೇಣ್ತಿ ಕೇಳಿದ್ಲು, ಯಾಕವಾ ಅಂತ. ಅದಕ್ಕ ಹೇಳಿದ್ಲು, ನಿಮ್ಮ ನೆಲ ಹೊಲಸಂತ ಹಾಸೂದಲ್ರಿ, ನನ್ನ ಚೀಲ ಹತ್ತ ಮನಿ ತಿರಗತೈತಿ, ಒಂದ ಮನಿ ರೋಗ ಇನ್ನೊಂದ ಮನಿಗಿ ಹೊತ್ಕೊಂಡ ಹೋಗಬಾರ್ದು ಅಂತ. ಮುಗೀತು. ಕೇಳಿದ್ರ ಹೇಳ್ತಾಳ. ದೊಡ್ಡಮನ್ಯಾಗ ಕೇಳಾಕ ಬಾಯಿ ಇಲ್ಲ, ಮೂಗಷ್ಟ ಐತಿ.”

ನಾನು ನಗುತ್ತ ಮನೆಗೆ ಹೋದೆ. ಅಲ್ಲಿ ನಗು ಇರಲಿಲ್ಲ. ದೊಡ್ಡಮನೆಯಿಂದ ದೂರು ಬಂದಿತ್ತು. ತಮ್ಮ ಪಡಸಾಲೆಯಲ್ಲಿ ಮೀಸೆ ತಿರುವುತ್ತ ನಿಂತಿದ್ದ, ಸಂಜೆ ಗಾಡಿ ಹತ್ತದೆ ಮನೆಯಲ್ಲೇ ಉಳಿದಿದ್ದ ಮೊಮ್ಮಗಳು ಕಂಬದ ಪಕ್ಕ ನಿಂತಿದ್ದಳು.

“ನಾಳಿಂದ ಪೇಪರ ಬಿಟ್ಟ ಹೋಗು,” ಅಂದ ತಮ್ಮ. “ಇಲ್ಲಾ ಕಾಲೇಜ ಬಿಡು. ಎರಡ್ರಾಗ ಒಂದು.”

“ಸಣ್ಣಜ್ಜಾ, ಪೇಪರ ಬಿಟ್ಟ ಹೋದ್ರ ಅದು ನರ್ಸಿಂಗ್ ಅಲ್ಲ. ಚಹಾ ಕುಡ್ಯಾಕ ಹೋದಂಗ ಆಕ್ಕೈತಿ.”

“ಹಂಗಾರ ಕಾಲೇಜ ಬಿಟ್ಟಂಗ.”

“ಒಂದ ದಿನಾ ತಡಿಯಲೇ,” ಅಂದೆ ನಾನು. “ಊರಿಗಿ ನಾ ತಿಳಿಸಿ ಹೇಳ್ತೇನಿ.”

“ಅಣ್ಣಾ, ನೀ ಮಾತ್ರ ಏನೂ ಮಾಡಬ್ಯಾಡ. ನಿನಗ ಕೈ ಮುಗೀತೇನಿ.”

ಕೈಮುಗಿದದ್ದು ಅವನ ತಪ್ಪು. ಬೇಡ ಅಂದದ್ದನ್ನು ಮಾಡದೆ ಬಿಟ್ಟವನಲ್ಲ ನಾನು.

ಮರುದಿನ ಮಡಿ ಧೋತರ ಉಟ್ಟು, ಕಂಕುಳಲ್ಲಿ ಹಳೆಯ ಪೇಪರಿನ ಕಟ್ಟು ಹಿಡಿದು ಮನೆಯಿಂದ ಹೊರಟೆ. ಮೇಲಿನ ಓಣಿಯಲ್ಲಿ ಬಾಗಿಲು ಮುಚ್ಚಿದ್ದ ಒಂದು ಮನೆಯನ್ನೂ ಬಿಡಲಿಲ್ಲ. ಹುಡುಗಿಗೆ ಬಾಗಿಲು ಮುಚ್ಚಬಹುದು, ನನಗೆ ಮುಚ್ಚಿದರೆ ನಾನು ಹೊರಗೆ ನಿಂತು ಅವರ ಹಳೆಯ ಕಥೆಗಳನ್ನು ಹೇಳಲು ಶುರುಮಾಡುತ್ತೇನೆಂದು ಎಲ್ಲರಿಗೂ ಗೊತ್ತು. ಒಳಗೆ ಹೋಗುವುದು, ನಿಧಾನಕ್ಕೆ ಪೇಪರ್ ಬಿಚ್ಚುವುದು, ನೆಲಕ್ಕೆ ಹಾಸುವುದು, ಅದರ ಮೇಲೆ ಕೂರುವುದು, ಚಹಾ ಬೇಡವೆಂದು ಹೇಳಿ ಎರಡು ಬಟ್ಟಲು ಕುಡಿಯುವುದು. ಏಳುವಾಗ ಮಡಚಿ ಮತ್ತೆ ಕಂಕುಳಿಗೆ. ಕೆಲವರು ನಕ್ಕರು, ಕೆಲವರು ಬೈದರು. ದೊಡ್ಡಮನೆಯನ್ನು ಕೊನೆಗೆ ಇಟ್ಟುಕೊಂಡಿದ್ದೆ.

ಮುದುಕಿ ನನ್ನನ್ನೂ ಪೇಪರನ್ನೂ ನೋಡಿದಳು. “ನೀನೂ ಹಾಸಾಕ ಹತ್ತಿದೇನೋ? ನಮ್ಮ ನೆಲ ನಿನಗೂ ಮೈಲಿಗಿ ಆತೇನ?”

“ನಿಮ್ಮ ನೆಲಕ್ಕಲ್ರಿ ಅವ್ವಾರ, ನನ್ನ ಧೋತರಕ್ಕ. ಮುಂಜಾನಿಂದ ಎಲ್ಲೆಲ್ಲಿ ಕುಂತ ಬಂದೇನಿ ಅಂತ ನಿಮಗೇನ ಗೊತ್ತೈತಿ? ಕ್ಷೌರದ ಅಂಗಡಿ, ಎಮ್ಮಿ ಕೊಟಗಿ, ಬಸ್‌ಸ್ಟ್ಯಾಂಡಿನ ಕಟ್ಟಿ. ಅದನ್ನೆಲ್ಲಾ ಹೊತ್ತ ತಂದು ನೀವು ಸಾರಿಸಿದ ನೆಲಕ್ಕ ಹಚ್ಚಲೇನ? ಆ ಹುಡುಗಿ ಚೀಲಾನೂ ಹಂಗ ರಿ. ಅಕಿ ಪೇಪರ ಹಾಸೂದು ನಿಮ್ಮ ನೆಲ ಉಳಿಸಾಕ.”

ಮುದುಕಿ ಬಹಳ ಹೊತ್ತು ನನ್ನ ಧೋತರ ನೋಡಿದಳು. ಆಮೇಲೆ ಹೇಳಿದಳು, “ಒಂದ ಸಾಲಂಗಿಲ್ಲ. ಇನ್ನೊಂದ ಹಾಸ್ಕೊ.”

ಗೆದ್ದೆ ಅಂದುಕೊಂಡು ಮನೆಗೆ ಬಂದರೆ ತಮ್ಮ ಬಾಗಿಲಲ್ಲೇ ಕಾದಿದ್ದ. ಇಡೀ ಊರು ತನ್ನ ಅಣ್ಣನನ್ನು ನೋಡಿ ನಕ್ಕಿತೆಂದು ಅವನಿಗೆ ಸಿಟ್ಟು. ನಾನು ಏನು ಹೇಳಲು ಹೋಗಿದ್ದೆನೆಂದು ಅವನು ಕೇಳಲೇ ಇಲ್ಲ. “ನಾಳೆ ಗಾಡಿ ಬಂದ ಕೂಡ್ಲೇ ಕಾಲೇಜ ಮೇಡಮ್ಮಿಗಿ ನಾನ ಹೇಳ್ತೇನಿ, ನಮ್ಮ ಹುಡುಗಿ ಬರಂಗಿಲ್ಲಂತ,” ಅಂದ. ಮೊಮ್ಮಗಳು ಅಳಲಿಲ್ಲ. ಚೀಲದಲ್ಲಿದ್ದ ಸಾಮಾನೆಲ್ಲ ಹೊರತೆಗೆದು, ಒರೆಸಿ, ಮತ್ತೆ ಒಳಗಿಟ್ಟಳು. ನಾಳೆಗೆ ಮಡಚಿದ ಹೊಸ ಪೇಪರನ್ನೂ ಬದಿಗೆ ಸಿಕ್ಕಿಸಿದಳು. ಹೋಗುವವಳು ಮಾಡುವ ಕೆಲಸ ಅದು. ಅದನ್ನು ನೋಡಿದ ಮೇಲೆ, ಇನ್ನು ಊರನ್ನು ನಗಿಸಿ ಪ್ರಯೋಜನವಿಲ್ಲ ಎಂದು ನನಗೆ ತಿಳಿಯಿತು. ತೀರ್ಮಾನ ಆಗುವ ಜಾಗ ಕಟ್ಟೆಯಲ್ಲ, ಅಡುಗೆಮನೆ.

ಬೆಳಿಗ್ಗೆ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತಲೇ ಎದ್ದು ಒಳಗೆ ಹೋದೆ. ಹಿರಿಯನ ಮಣೆ ಗೋಡೆಗೆ ಒರಗಿತ್ತು. ಇಳಿಸಿ, ಅದರ ಮೇಲೆ ಪೇಪರ್ ಹಾಸಿ, ಚಕ್ಕಳಬಕ್ಕಳ ಹಾಕಿ ಕೂತೆ. ತಮ್ಮನ ಹೆಂಡತಿ ಒಲೆಯ ಮುಂದೆ ಇದ್ದಳು. ಒಂದು ಸಲ ತಿರುಗಿ ನೋಡಿ ಮತ್ತೆ ರೊಟ್ಟಿ ಬಡಿದಳು.

ತಮ್ಮ ಬಂದ. “ಅಣ್ಣಾ, ಏಳು. ಚ್ಯಾಷ್ಟಿ ಮಾಡೂ ಹೊತ್ತಲ್ಲ.”

“ಚ್ಯಾಷ್ಟಿ ಅಲ್ಲ. ಹಿರೇ ಮಗಾ ನಾನು. ಇಷ್ಟ ವರ್ಷ ಮಣಿ ನಿನಗ ಬಿಟ್ಟಿದ್ದೆ, ಇವತ್ತ ಕುಂತೇನಿ.”

“ಪೇಪರ ಯಾಕ ಮತ್ತ?”

“ನೀ ಇಷ್ಟ ವರ್ಷ ಕುಂತೀದಿ. ನಿನ್ನ ರೋಗ ನನಗ ಹತ್ತಬಾರ್ದಂತ.”

ಮಗ ಬಂದು ಬಾಗಿಲಲ್ಲಿ ನಿಂತ. ಮೊಮ್ಮಗಳು ಸಮವಸ್ತ್ರದಲ್ಲಿ ಬಂದಳು, ಚೀಲ ಹೆಗಲಲ್ಲೇ ಇತ್ತು. ಯಾರೂ ಕೂರಲಿಲ್ಲ. ಮನೆಯ ಹಿರೇತನ ಯಾರದೆಂದು ಈಗ ಹೇಳಬೇಕಾದವಳು ಒಲೆಯ ಮುಂದೆ ಕೂತವಳು. ಮೊದಲ ರೊಟ್ಟಿ ಯಾರ ತಾಟಿಗೆ ಬೀಳುತ್ತದೋ ಮಾತು ಅವರದು. ನಾನು ನನ್ನ ತಾಟನ್ನು ಸ್ವಲ್ಪ ಮುಂದೆ ಸರಿಸಿದೆ. ನಾನಾದರೂ ನಾಚಿಕೆಯಿಲ್ಲದವನು. ತಮ್ಮ ತನ್ನ ಹೆಂಡತಿಯನ್ನು ನೋಡುತ್ತ ನಿಂತ.

ಅವಳು ಹೆಂಚಿನಿಂದ ರೊಟ್ಟಿ ತೆಗೆದಳು, ಪುಂಡಿಪಲ್ಯ ಹಾಕಿದಳು, ಮೇಲೊಂದು ಮುದ್ದೆ ಬೆಣ್ಣೆ ಇಟ್ಟಳು. ಎದ್ದು, ನನ್ನನ್ನು ದಾಟಿ, ತಮ್ಮನನ್ನು ದಾಟಿ, ತಾಟನ್ನು ಮೊಮ್ಮಗಳ ಮುಂದೆ ಹಿಡಿದಳು.

“ತಿನ್ನವಾ, ಗಾಡಿ ಬರೂ ಹೊತ್ತಾತು. ಇವರಿಬ್ಬರೂ ಎಲ್ಲಿಗೂ ಹೋಗೂವ್ರಲ್ಲ, ಆಮ್ಯಾಲ ತಿಂತಾರ.”

ತಮ್ಮ ಏನೋ ಹೇಳಲು ಬಾಯಿ ತೆರೆದ. ಅವಳು ತಿರುಗಿ ನಿಂತಳು. “ಅಕಿ ಚೀಲದ ಬುಡಕ ಪೇಪರ ಇದ್ರ ನಿಮಗೇನ ತ್ರಾಸ ರಿ? ಬರೇ ನೆಲದ ಮ್ಯಾಲ ಕುಂದರ್ರಿ. ಮಣಿ ಖಾಲಿ ಇಲ್ಲ.”

ಮದುವೆಯಾದಾಗಿನಿಂದ ಅವಳು ಅವನೆದುರು ಇಷ್ಟು ಉದ್ದ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ತಮ್ಮ ನೆಲಕ್ಕೆ ಕೂತ. ನನ್ನ ತಾಟಿಗೆ ಬಂದ ರೊಟ್ಟಿ ಎರಡನೆಯದು. ಅದನ್ನು ಇಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ, ಮೊದಲನೆಯದೇ ಎಂದು ಕಟ್ಟೆಯ ಮೇಲೆ ಹೇಳಿದ್ದೆ.

ಹುಡುಗಿ ನಿಂತೇ ತಿಂದು, ಕೈ ತೊಳೆದು ಹೊರಟಳು. ನಾನೂ ಬೆನ್ನು ಹತ್ತಿದೆ. ಗಾಡಿಯಿಂದ ಇಳಿದ ಮೇಡಂಗೆ ನಮಸ್ಕಾರ ಮಾಡಿ, ಆಕೆ ನೇರ ದೊಡ್ಡಮನೆಯ ಕಡೆ ನಡೆದಳು. ಬಾಗಿಲು ತೆರೆದಿತ್ತು. ಮುದುಕಿ ತಾನೇ ನೆಲಕ್ಕೆ ಒಂದು ಪೇಪರ್ ಹಾಸಿಕೊಂಡು ಕಾದಿದ್ದಳು.

“ಇವತ್ತಿನ ಪೇಪರ ಐತಿ, ಇನ್ನೂ ಯಾರೂ ಓದಿಲ್ಲ. ಇದರ ಮ್ಯಾಲ ಇಡು ನಿನ್ನ ಚೀಲಾ.”

ಬೇರೆ ಯಾರಾದರೂ ಆಗಿದ್ದರೆ ಅಷ್ಟಕ್ಕೇ ಸುಮ್ಮನಾಗುತ್ತಿದ್ದರು. ನಮ್ಮವಳು ತನ್ನ ಪೇಪರ್ ತೆಗೆದು, ಮುದುಕಿಯದರ ಮೇಲೆಯೇ ಹಾಸಿ, ಆಮೇಲೆ ಚೀಲ ಇಟ್ಟಳು.

“ನಂದ ಹಾಸಬೇಕ್ರಿ ಅವ್ವಾರ, ಮುಂದಿನ ಮನಿಗಿ ನಾ ಈ ಚೀಲಾ ಹೊತ್ಕೊಂಡ ಹೋಗೂದು ಐತಲ್ಲ. ನೀರ ಕೊಡ್ರಿ, ಕೈ ತೊಳ್ಕೊಂತೇನಿ.”

ಮುದುಕಿ ಗೊಣಗುತ್ತ ನೀರು ತಂದಳು. ನಾನು ಹೊಸ್ತಿಲಲ್ಲಿ ನಿಂತು ನಗುತ್ತಿದ್ದೆ. ಒಳಗೆ ಬರಬೇಕಾದರೆ ಎರಡು ಪೇಪರ್ ತಾ ಎಂದು ನನಗೂ ಹೇಳಿದಳು.

ಮೊಮ್ಮಗಳ ಓದು ಮುಗಿದಿದೆ. ಈಗ ಆಸ್ಪತ್ರೆಯ ಕೆಲಸ, ರಾತ್ರಿ ಪಾಳಿಯೂ ಇದೆ. ಮೊನ್ನೆ ರಾಮದುರ್ಗದಿಂದ ಬಂದ ನೆಂಟರ ಮುಂದೆ ತಮ್ಮ ಮೀಸೆ ತಿರುವುತ್ತ, “ನಮ್ಮ ಹುಡುಗಿನ್ನ ನಾವ ಕಲಿಸಿದಿವಿ,” ಅನ್ನುತ್ತಿದ್ದ. ನಾನು ತಡೆಯಲಿಲ್ಲ, ಮಣೆಯ ಮೇಲಿಂದ ನೋಡುತ್ತಿದ್ದೆ. ಹೌದು, ಮಣೆ ನನ್ನ ಹತ್ತಿರವೇ ಇದೆ, ಪೇಪರೂ ಇದೆ, ವಾರಕ್ಕೊಮ್ಮೆ ಬದಲಿಸುತ್ತೇನೆ. ಮೊದಲ ರೊಟ್ಟಿ ಮಾತ್ರ ನನಗೂ ಇಲ್ಲ, ಅವನಿಗೂ ಇಲ್ಲ. ಹುಡುಗಿ ರಜೆಗೆ ಬಂದಾಗ ಅವಳದು, ಉಳಿದ ದಿನ ತಮ್ಮನ ಹೆಂಡತಿ ತಾನೇ ತಿನ್ನುತ್ತಾಳೆ, ಒಲೆಯ ಮುಂದೆ ಕೂತು, ನಮ್ಮಿಬ್ಬರನ್ನೂ ನೋಡುತ್ತ.