ಉಂಡದ್ದು ಎಲ್ಲಿಗೆ ಹೋಗುತ್ತದೆ

೧೯೫೬ನೆಯ ಇಸವಿ ಏಪ್ರಿಲ್ ಎಂಟು, ರವಿವಾರ. ಬೆಳಗಿನ ಎಂಟು ಗಂಟೆ ಹತ್ತು ನಿಮಿಷಕ್ಕೆ ಬರೆಯಲು ಕುಳಿತೆ.

ನಮ್ಮ ಮಸ್ಕಿಯ ಕಾಳಿನ ಅಂಗಡಿಗಳಲ್ಲಿ ತೂಗುವವನು ‘ಒಂದು’ ಎನ್ನುವುದಿಲ್ಲ. ಮೊದಲನೆಯ ತೂಕಕ್ಕೆ ‘ಲಾಭ’ ಎಂದು, ಆಮೇಲೆ ಎರಡು, ಮೂರು ಎಂದು ಎಲ್ಲರಂತೆ ಎಣಿಸುತ್ತಾನೆ. ನಾನು ಗುಮಾಸ್ತನಾಗಿರುವ ಅಂಗಡಿಯಲ್ಲಿ ತೂಗುವವನೂ ಚೀಲ ಹೊರುವವನೂ ಹುಸೇನಪ್ಪನೇ. ಕಳೆದ ದಸರೆಗೆ ನನ್ನ ತಂಗಿ ಶಾಂತವ್ವ ಬನ್ನಿ ಕೊಡಲು ಅಂಗಡಿಗೆ ಬಂದಾಗ ಹುಡುಗಾಟಕ್ಕೆ ಅವಳನ್ನು ದೊಡ್ಡ ತಕ್ಕಡಿಯಲ್ಲಿ ಕೂಡಿಸಿದೆವು. ಹುಸೇನಪ್ಪ ಐದು ಸೇರಿನ ಕಲ್ಲುಗಳನ್ನು ಇನ್ನೊಂದು ತಟ್ಟೆಗೆ ಏರಿಸುತ್ತ ಲಾಭದಿಂದ ಒಂಬತ್ತರವರೆಗೆ ಎಣಿಸಿದ. ನಲವತ್ತೈದು ಸೇರು. ಹದಿನೈದು ವರ್ಷದ ಹುಡುಗಿಗೆ ಸರಿಯಾದ ತೂಕ. ನಾನು ದಿನಚರಿಯಲ್ಲಿ ಬರೆದುಕೊಂಡೆ. ಸಿಂಧನೂರಿನ ಬಸ್ಸು ಎಷ್ಟು ನಿಮಿಷ ತಡವಾಯಿತು, ಅವ್ವ ದಿನಕ್ಕೆ ಎಷ್ಟು ರೊಟ್ಟಿ ಬಡಿದಳು ಎಂಬುದನ್ನೆಲ್ಲ ಬರೆದಿಡುವ ಮನುಷ್ಯನಿಗೆ ತಂಗಿಯ ತೂಕ ಬಿಡುವ ವಸ್ತುವಲ್ಲ.

ಈ ಚಟದಿಂದಾಗಿ ನನಗೆ ಒಂದು ಪ್ರಶ್ನೆ ಗಂಟುಬಿದ್ದಿತ್ತು: ಉಂಡದ್ದು ಎಲ್ಲಿಗೆ ಹೋಗುತ್ತದೆ? ಅಂಗಡಿಯ ಮುಂದಿನ ಬೇವಿನ ಮರ ನಿಂತಲ್ಲೇ ನಿಂತು ಬಿಸಿಲನ್ನು ಉಣ್ಣುತ್ತದೆ. ಯಾರ ಮುಂದೆಯೂ ಕೈಯೊಡ್ಡದೆ ಅದು ಮಾಡಿಕೊಂಡ ಊಟವೇ ಎಲೆ, ತೊಗಟೆ, ನೆರಳು. ಎತ್ತು ಹಗಲು ಆತುರದಿಂದ ನುಂಗಿದ ಸೊಪ್ಪೆಯನ್ನು ಸಂಜೆ ಬಿಡುವಾಗಿ ಬಾಯಿಗೆ ತಂದುಕೊಂಡು ಅಗಿಯುತ್ತ, ನಾಳೆಯ ನೇಗಿಲಿಗೆ ಬೇಕಾದ ಬಲವನ್ನು ಇಂದೇ ಮೈಯೊಳಗೆ ಇಳಿಸಿಕೊಳ್ಳುತ್ತದೆ. ಜೋಳದ ಗಿಡ ಮುಂದೆ ಮೊಳೆಯುವ ತನ್ನ ಮರಿಗೆಂದು ಕಾಳಿನೊಳಗೆ ಬುತ್ತಿ ಕಟ್ಟಿಡುತ್ತದೆ. ಆ ಬುತ್ತಿಯನ್ನು ನಾವು ಬೀಸಿ, ಬಡಿದು, ಪುಂಡಿಪಲ್ಯದೊಡನೆ ತಿಂದು, ದುಡಿದವರು ನಾವೇ ಎಂಬಂತೆ ತೇಗುತ್ತೇವೆ. ನನ್ನನ್ನೇ ನೋಡಿ. ದಿನಕ್ಕೆ ಆರು ರೊಟ್ಟಿಯ ಶಕ್ತಿ, ಎತ್ತುವುದು ಒಂದು ಲೇಖನಿ. ಮಿಕ್ಕದ್ದು ನಡುವಿನ ಸುತ್ತ ಠೇವಣಿಯಾಗಿದೆ. ತರುವುದು, ಕೂಡಿಡುವುದು, ಖರ್ಚು ಮಾಡುವುದು: ಈ ಮೂರನ್ನು ಇರುವೆಯೂ ಬಲ್ಲದು, ಯಾರೂ ಕಲಿಸಬೇಕಾಗಿಲ್ಲ ಎಂದು ನಾನು ನಂಬಿದ್ದೆ.

ದೀಪಾವಳಿ ಕಳೆದ ಮೇಲೆ ಶಾಂತವ್ವನ ಊಟ ಹೆಚ್ಚಿತು. ಎರಡು ರೊಟ್ಟಿಯ ಹುಡುಗಿ ಐದು, ಆರು ರೊಟ್ಟಿಗೆ ಬಂದಳು. ನೀರಂತೂ ದಿನಕ್ಕೆ ಇಪ್ಪತ್ತೆರಡು ತಂಬಿಗೆ, ನಾನು ಎಣಿಸಿದ್ದೇನೆ. ತಂಬಿಗೆಗೊಂದರಂತೆ ನಾನು ಗೋಡೆಗೆ ಗೀರು ಹಾಕುವುದನ್ನು ಅವಳು ನೋಡಿದಳು.

“ಯಣ್ಣಾ, ನಾ ಎಷ್ಟು ಸಲ ಉಸುರು ಬಿಟ್ಟೆ ಅನ್ನೂದೂ ಬರಕೋ. ಅದ್ಯಾಕ ಬಿಟ್ಟಿ?”

ನಗುತ್ತಲೇ ಅಂದಳು. ಆದರೆ ತಕ್ಕಡಿಯಲ್ಲಿ ಕೂಡಿಸಿದಾಗ ನಲವತ್ತೊಂದು ಸೇರು. ಪಾಮನಕಲ್ಲೂರಿನಿಂದ ಬಂದ ಸೋದರತ್ತೆ ಅವಳ ತೋಳು ಹಿಡಿದು ನೋಡಿ ಅವ್ವನಿಗೆ ಹೇಳಿದಳು: “ತಿಂದದ್ದು ಮೈಗೆ ಹತ್ತವಲ್ದು ಬೇ. ಮಾದಲಿ ಮಾಡಿ ತಿನ್ಸು, ಬೆಲ್ಲ ಕೈಬಿಟ್ಟು ಹಾಕು. ತಿಂಗಳದಾಗ ಮೈ ತುಂಬ್ತಾಳ.”

ನಮ್ಮ ಕಡೆ ಬಾಣಂತಿಗೂ, ಜ್ವರದಿಂದ ಎದ್ದವರಿಗೂ ಇದೇ ಉಪಚಾರ. ಗೋಧಿಯ ದಪ್ಪ ರೊಟ್ಟಿಯನ್ನು ಪುಡಿಮಾಡಿ, ಬೆಲ್ಲ ಕಲಸಿ, ಮೇಲೆ ತುಪ್ಪ ಸುರಿದು ಕೊಡುವುದು. ಅವ್ವ ಮಾಡಿದಳು, ನಾನು ಅದಕ್ಕೊಂದು ಕ್ರಮ ಹಾಕಿದೆ. ಬೆಳಿಗ್ಗೆ ಒಂದು ಬಟ್ಟಲು, ಸಂಜೆ ಒಂದು. ದಿನಚರಿಯ ವಹಿಯ ಎಡಪುಟದಲ್ಲಿ ಮಾದಲಿಯ ಬಟ್ಟಲುಗಳು, ಬಲಪುಟದಲ್ಲಿ ಬಸ್ಸುಗಳು, ರವಿವಾರಗಳ ತೂಕವೆಲ್ಲ ಹಿಂದಿನ ಬೇರೊಂದು ಪುಟದಲ್ಲಿ. ಶಾಂತವ್ವ ಬೇಡವೆಂದ ದಿನ ನಾನೇ ಎದುರಿಗೆ ಕೂತು ತಿನ್ನಿಸಿದೆ. ಆರು ವಾರದಲ್ಲಿ ಎಂಬತ್ತೊಂದು ಬಟ್ಟಲು.

ಜನವರಿಯ ಕೊನೆಯ ರವಿವಾರ ಹುಸೇನಪ್ಪ ಏಳು ಕಲ್ಲು ಏರಿಸಿ, ಎಂಟನೆಯದನ್ನು ಕೈಯಲ್ಲಿ ಹಿಡಿದು ಅವಳ ಮುಖ ನೋಡಿದ. ಅದನ್ನು ಇಡುವ ಹಾಗಿರಲಿಲ್ಲ. ಒಂದು ಸೇರಿನ ಸಣ್ಣ ಕಲ್ಲು ಸಾಕಾಯಿತು.

ಮರುದಿನ ಅವಳನ್ನು ಲಿಂಗಸುಗೂರಿನ ದವಾಖಾನೆಗೆ ಕರೆದುಕೊಂಡು ಹೋದೆ. ಡಾಕ್ಟರರು ಗಾಜಿನ ನಳಿಕೆಯೊಂದರಲ್ಲಿ ನೀಲಿ ನೀರಿಗೆ ಅವಳ ಮೂತ್ರದ ಕೆಲವು ಹನಿ ಬೆರೆಸಿ ದೀಪದ ಮೇಲೆ ಹಿಡಿದರು. ನೀಲಿ ಹಸಿರಾಯಿತು, ಹಳದಿಯಾಯಿತು, ಹೊಸ ಹಂಚಿನಷ್ಟು ಕೆಂಪಾಯಿತು. ಸಿಹಿಮೂತ್ರದ ರೋಗ ಎಂದರು. ನಾನು ಹೆಮ್ಮೆಯಿಂದ ಒಯ್ದಿದ್ದ ವಹಿಯನ್ನು ತಿರುವಿಹಾಕಿ, ತೂಕದ ಪುಟವನ್ನು ಮಡಿಸಿ ಮಾದಲಿಯ ಪುಟದ ಪಕ್ಕಕ್ಕೆ ತಂದು ನನ್ನ ಕಡೆ ತಿರುಗಿಸಿದರು. ಒಂದು ಪುಟದಲ್ಲಿ ಬಟ್ಟಲು ಏರುತ್ತಿದ್ದವು, ಇನ್ನೊಂದರಲ್ಲಿ ಸೇರು ಇಳಿಯುತ್ತಿದ್ದವು. ಎರಡೂ ನನ್ನ ಅಕ್ಷರ. ಎರಡನ್ನೂ ಒಮ್ಮೆಯೂ ಒಟ್ಟಿಗೆ ಓದಿರಲಿಲ್ಲ.

“ಅಂಗಡಿ ಮುಂದ ಕಾಳಿನ ಬಂಡಿ ಬಂದು ನಿಂತದ. ಇಳಿಸೋ ಹಮಾಲ ಇಲ್ಲ. ಏನಾಗ್ತದ?” ಎಂದು ಕೇಳಿದರು.

“ಬಂಡಿ ಹಂಗ ನಿಂದರತೈತ್ರಿ.”

“ಮಳಿ ಹೊಡದ್ರ?”

“ಕಾಳು ಹರಕೊಂಡು ಹೋಗತಾವ್ರೀ.”

“ಹಂಗ ಹೋಗಾಕತ್ಯಾವ. ಆಕಿ ಊಟ ರಕ್ತದ ತನಕ ಬರ್ತದ, ಒಳಗ ಹೋಗಂಗಿಲ್ಲ. ನೀವು ಬಂಡಿ ಮ್ಯಾಲ ಬಂಡಿ ತಂದು ನಿಂದರ್ಸೀರಿ.”

ಆ ಹಮಾಲನ ಹೆಸರು ಇನ್ಸುಲಿನ್. ದಿನಕ್ಕೆ ಎರಡು ಸೂಜಿ, ಬದುಕಿರುವ ತನಕ. ಒಂದೆರಡು ವಾರ ತಪ್ಪಿದರೆ ಉಳಿಯುವುದು ಕಷ್ಟ ಎಂದು ಅವರು ನನ್ನನ್ನು ಹೊರಗೆ ಕರೆದು ಹೇಳಿದರು. ರಾಯಚೂರಿನಿಂದ ಬಾಟ್ಲಿ ತರಿಸಿಕೊಂಡು, ಕಂಪೌಂಡರನಿಂದ ಚುಚ್ಚುವುದನ್ನು ಕಲಿತುಕೊಂಡು ಮಸ್ಕಿಗೆ ಮರಳಿದೆವು. ಹುಸೇನಪ್ಪನಿಗೆ ಎಲ್ಲವನ್ನೂ ವಿವರಿಸಿದೆ.

“ಹಂಗಾರ ನನ್ನಂಥವನ್ನ ಒಬ್ಬನ್ನ ಬಾಟ್ಲ್ಯಾಗ ಹಾಕಿ ಕೊಟ್ಟಾರನ್ರಿ, ಗುಮಾಸ್ತ್ರ?”

“ಹೌದು. ದಿನಾ ಎರಡ ಸಲ ಕೆಲಸಕ್ಕ ಬರ್ತಾನ.”

“ಚಲೋ ಮನಶ್ಯಾ ಇರಬೇಕ ಬಿಡ್ರಿ. ಚಾ ಕೇಳಂಗಿಲ್ಲ, ಬೀಡಿ ಕೇಳಂಗಿಲ್ಲ.”

ಚಹಾ ಕೇಳಲಿಲ್ಲ, ತಂಪು ಕೇಳಿತು. ಫೆಬ್ರವರಿಯಲ್ಲಿ ಅವಳು ಮೂರು ಸೇರು ಏರಿದಳು, ನೀರು ಎಂಟು ತಂಬಿಗೆಗೆ ಇಳಿಯಿತು, ಮಾದಲಿ ಮಾಡಿಕೊಟ್ಟ ಕೊರಗಿನಲ್ಲಿ ಮಾತು ಬಿಟ್ಟಿದ್ದ ಅವ್ವ ಮತ್ತೆ ಮಾತಾಡಿದಳು. ಬಾಟ್ಲಿಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ನೀರಿನ ಹರವಿಯ ಕೆಳಗಿನ ಹಸಿ ಉಸುಕಿನಲ್ಲಿ ಹೂತಿಡುತ್ತಿದ್ದೆ. ಮಾರ್ಚಿನಲ್ಲಿ ಬಿಸಿಲು ಬಿತ್ತು. ಹೊಸ ಬಾಟ್ಲಿಯಿಂದ ಒಂಬತ್ತು ದಿನ, ಹದಿನೆಂಟು ಸೂಜಿ, ನಿಮಿಷವೂ ತಪ್ಪದೆ ಚುಚ್ಚಿದೆ. ಪ್ರತಿಯೊಂದಕ್ಕೂ ವಹಿಯಲ್ಲಿ ಗುರುತು ಹಾಕಿದೆ. ತಂಬಿಗೆಗಳು ಮತ್ತೆ ಏರಿದವು. ಹತ್ತನೆಯ ದಿನ ಬಾಟ್ಲಿಯನ್ನು ಬೆಳಕಿಗೆ ಹಿಡಿದಾಗ, ತಿಳಿನೀರಿನಂತೆ ಇರಬೇಕಾದ ಔಷಧದೊಳಗೆ ಸಣ್ಣ ಎಳೆಗಳು ತೇಲುತ್ತಿದ್ದವು. ಅಷ್ಟು ದಿನ ನಾನು ಅವಳ ತೋಳಿಗೆ ಚುಚ್ಚಿದ್ದು ಬರಿಯ ನೀರು.

ಈಗ ತಂದಿರುವುದು ಬೇರೆ ಬಾಟ್ಲಿ. ಅದಕ್ಕೆ ಇಂದು ಆರನೆಯ ದಿನ. ಇನ್ನೂ ತಿಳಿಯಾಗಿದೆ, ಆದರೆ ತಿಳಿಯಾಗಿ ಕಾಣುವಾಗಲೇ ಬಲ ಕುಂದುತ್ತಿದೆಯೋ ಏನೋ, ನಿನ್ನೆ ಹದಿನೇಳು ತಂಬಿಗೆ. ಬೇವಿಗೆ ಶಕ್ತಿ ಕೊಡುವ ಬಿಸಿಲೇ ನನ್ನ ತಂಗಿಯ ಶಕ್ತಿಯನ್ನು ಉಸುಕಿನೊಳಗೆ ಹುಡುಕಿ ಬಂದು ಕೊಲ್ಲುತ್ತಿದೆ. ಇದಕ್ಕೆ ಯಾರನ್ನು ಬೈಯಬೇಕೋ ನನಗೆ ತಿಳಿಯದು. ಇನ್ನೂ ಏಪ್ರಿಲ್ ಮೊದಲ ವಾರ ದಾಟಿದೆ ಅಷ್ಟೆ. ಮಳೆಗೆ ಎರಡು ತಿಂಗಳು. ಇಂದು ಬೆಳಿಗ್ಗೆ ತಕ್ಕಡಿಗೆ ಕರೆದರೆ ಶಾಂತವ್ವ ಗೋಡೆಯ ಕಡೆ ಹೊರಳಿದಳು.

“ಇವತ್ತ ಬ್ಯಾಡ ಯಣ್ಣಾ. ಹುಸೇನಪ್ಪ ಕಲ್ಲು ಕೈಯಾಗ ಹಿಡಕೊಂಡು ನನ್ನ ಮಾರಿ ನೋಡ್ತಾನ.”

ಹಾಗಾಗಿ ತೂಗುವ ಹೊತ್ತು ಖಾಲಿ ಉಳಿದು ಈ ಬರಹವಾಯಿತು.

ಓದುಗರಲ್ಲಿ ಒಂದು ಕೋರಿಕೆ. ವಿದ್ಯುತ್ತು ಇಲ್ಲದ, ಮಂಜುಗಡ್ಡೆ ಬಸ್ಸಿನಲ್ಲಿಯೇ ಕರಗಿಹೋಗುವ ಊರಿನಲ್ಲಿ ಈ ಔಷಧವನ್ನು ಬೇಸಿಗೆ ದಾಟಿಸಿದವರು ಯಾರಾದರೂ ಇದ್ದೀರಾ? ಬಾವಿಯೊಳಗೆ ಇಳಿಬಿಟ್ಟಿರೋ, ಮಡಕೆಯೊಳಗೆ ಮಡಕೆ ಇಟ್ಟಿರೋ, ಎಷ್ಟು ದಿನಕ್ಕೊಮ್ಮೆ ಬಾಟ್ಲಿ ಬದಲಿಸಿದಿರೋ, ಎಳೆ ಕಾಣುವುದಕ್ಕೆ ಮೊದಲೇ ಕೆಟ್ಟದ್ದನ್ನು ಹೇಗೆ ಕಂಡುಹಿಡಿದಿರೋ, ದಯವಿಟ್ಟು ಪತ್ರಿಕೆಗೆ ಬರೆಯಿರಿ. ಸಂಪಾದಕರು ನನಗೆ ತಲುಪಿಸುತ್ತಾರೆ. ಅಕ್ಷರ ಚೆನ್ನಾಗಿರಬೇಕಾಗಿಲ್ಲ, ಉಪಾಯ ಏಕೆ ಫಲಿಸಿತೆಂಬ ಕಾರಣ ತಿಳಿಸಬೇಕಾಗಿಲ್ಲ. ಮಳೆ ಬಿದ್ದ ಮೇಲೆ ಬರೆಯೋಣವೆಂದು ಮಾತ್ರ ಕಾಯಬೇಡಿ. ಆಗ ಮಸ್ಕಿ ತಾನಾಗಿಯೇ ತಣ್ಣಗಾಗುತ್ತದೆ.