ಕಂಡದ್ದನ್ನು ಮಾತ್ರ ಬರೆದವರು

ಮೊನ್ನೆ ಸೊಸೆ ಮೊಮ್ಮಗುವಿಗೆ ಬಜೆ ತೇಯುತ್ತಿದ್ದಳು. ಸಾಣೆಕಲ್ಲಿಗೆ ಎರಡು ಹನಿ ನೀರು ಬಿಟ್ಟು ಉಜ್ಜಿದಳೋ ಇಲ್ಲವೋ, ಅದರ ಘಾಟು ನಡುಮನೆಯವರೆಗೂ ಬಂತು. ಪೇಪರ್ ಓದುತ್ತಾ ಕೂತಿದ್ದ ನನಗೆ ಮುಂದಿನ ಸಾಲು ತಲೆಗೆ ಹತ್ತಲಿಲ್ಲ. ಬಜೆ ಎಂದರೆ ಎಲ್ಲರಿಗೂ ಬಾಣಂತಿ ಕೋಣೆ ನೆನಪಾಗುತ್ತದೆ. ನನಗೆ ನಮ್ಮೂರ ಶಾನುಭೋಗರ ಜಗಲಿ ನೆನಪಾಯಿತು...

ಅವರು ಕಡತಗಳನ್ನು ಕೆಂಪು ಬಟ್ಟೆಯಲ್ಲಿ ಕಟ್ಟಿ, ಹುಳ ಹಿಡಿಯದಿರಲೆಂದು ನಡುನಡುವೆ ಬಜೆಯ ತುಂಡುಗಳನ್ನು ಇಡುತ್ತಿದ್ದರು. ಗಂಟು ಬಿಚ್ಚಿದರೆ ಜಗಲಿಯೆಲ್ಲ ಅದೇ ವಾಸನೆ. ಊರಿನ ಯಾವ ಹೊಲವನ್ನು ಯಾರು ಉಳುತ್ತಾರೆ, ಅಲ್ಲಿ ಏನು ಬೆಳೆ ನಿಂತಿದೆ ಎಂದು ಪಹಣಿಯಲ್ಲಿ ಬರೆಯುವುದು ಅವರ ಕೆಲಸ. ಸುತ್ತಮುತ್ತಲ ಎಷ್ಟೋ ಶಾನುಭೋಗರು ಮನೆಯಲ್ಲೇ ಕೂತು ಹೋದ ವರ್ಷದ್ದನ್ನು ನಕಲು ಮಾಡಿ ಕೈತೊಳೆದುಕೊಳ್ಳುತ್ತಿದ್ದರಂತೆ. ನಮ್ಮವರು ಕೊಡೆ ಹಿಡಿದು ಬದುವಿನ ಮೇಲೆ ನಡೆದೇ ಬರೆಯಬೇಕು. ‘ಆ ಹುಣಸೆಮರ ಹೋದ ವರ್ಷ ಇತ್ತಲ್ಲ ಸ್ವಾಮಿ’ ಎಂದರೆ, ‘ಈ ವರ್ಷ ಇದೆಯೋ ನೋಡೋಣ ಬಾ’ ಎನ್ನುತ್ತಿದ್ದರು. ಊರವರು ಹಿಂದಿನಿಂದ ನಗುತ್ತಿದ್ದರು. ನಾನೂ ನಕ್ಕಿದ್ದೇನೆ.

ನಮ್ಮೂರು ಕ್ಯಾಸಂಬಳ್ಳಿಯ ಕಡೆ. ಕಣದಲ್ಲಿ ನಿಂತರೆ ಚಿನ್ನದ ಗಣಿಯ ಮಣ್ಣುದಿಬ್ಬಗಳು ಬೆಳ್ಳಗೆ ಕಾಣುತ್ತಿದ್ದವು. ಅಪ್ಪ ಆ ಗಣಿಯೊಳಗೆ ಬಂಡೆ ಕೊರೆಯುವ ಕೆಲಸದಲ್ಲಿದ್ದರು. ಆಂಡರ್ಸನ್‌ಪೇಟೆಯ ಹತ್ತಿರ ಒಂದು ಲೈನುಮನೆಯಲ್ಲಿ ಇದ್ದುಕೊಂಡು ವಾರಕ್ಕೊಮ್ಮೆ ಊರಿಗೆ ಬರುತ್ತಿದ್ದರು, ಬಂದಾಗಲೆಲ್ಲ ಕೆಮ್ಮುತ್ತಿದ್ದರು. ನಾನು ಇಂಟರ್‌ಮೀಡಿಯೆಟ್ ಪಾಸು ಮಾಡಿದ್ದೆ. ಅದರ ಮುಂದಕ್ಕೆ ಓದಿಸುವ ತ್ರಾಣ ಮನೆಯಲ್ಲಿರಲಿಲ್ಲ. ಅಪ್ಪನ ಮೇಸ್ತ್ರಿ ಆಗಲೇ ನನ್ನ ಹೆಸರನ್ನು ಗಣಿಗೆ ಹೇಳಿಟ್ಟಿದ್ದ. ಕಬ್ಬಿಣದ ಪಂಜರದಲ್ಲಿ ನಿಂತು ಆ ಕತ್ತಲೆಗೆ ಇಳಿಯುವುದು ನನಗೆ ಬೇಡವೇ ಬೇಡವಾಗಿತ್ತು.

ಅಂಥ ಹೊತ್ತಿನಲ್ಲಿ ಒಂದು ವಿದ್ಯಾರ್ಥಿವೇತನದ ಸುದ್ದಿ ಬಂತು. ಯಾರೋ ದೊಡ್ಡ ಮನುಷ್ಯರು ಕೊಟ್ಟ ದತ್ತಿ. ನಮ್ಮ ತಾಲ್ಲೂಕಿನ ಒಬ್ಬನೇ ಒಬ್ಬ ಹುಡುಗನನ್ನು ಕೊಯಮತ್ತೂರಿಗೆ ಕಳಿಸಿ ವ್ಯವಸಾಯದಲ್ಲಿ ಬಿ.ಎಸ್‌ಸಿ. ಓದಿಸುತ್ತಾರೆ, ಊಟ ವಸತಿಯೆಲ್ಲ ಅವರದೇ. ಒಂದು ಷರತ್ತು. ಹುಡುಗನ ಮನೆಯವರು ತಮ್ಮ ಹೊಲವನ್ನು ತಮ್ಮ ಕೈಯಿಂದಲೇ ಉಳುವವರಾಗಿರಬೇಕು, ಹಾಗೆಂದು ಊರಿನ ಶಾನುಭೋಗರು ಬರೆದುಕೊಡಬೇಕು.

ನಿಜ ಹೇಳಬೇಕೆಂದರೆ ನನಗೆ ವ್ಯವಸಾಯದ ಮೇಲೆ ಎಳ್ಳಷ್ಟೂ ಪ್ರೀತಿಯಿರಲಿಲ್ಲ. ಗಣಿ ತಪ್ಪಿದರೆ ಸಾಕಿತ್ತು. ಪ್ರೀತಿಯಿದ್ದದ್ದು ನನ್ನ ಜೊತೆಯಲ್ಲೇ ಓದಿದ ಗೆಳೆಯನಿಗೆ, ಶಾನುಭೋಗರ ಒಬ್ಬನೇ ಮಗನಿಗೆ. ಅವರ ಮನೆಯ ಹಿತ್ತಲನ್ನು ನೀವು ನೋಡಬೇಕಿತ್ತು. ನಾಟಿ ಮಾವಿಗೆ ಕಸಿ ಕಟ್ಟಿದ್ದ. ರಾಗಿಯನ್ನು ಒಂದು ಪಾತಿಯಲ್ಲಿ ಒತ್ತಾಗಿ, ಇನ್ನೊಂದರಲ್ಲಿ ತೆಳುವಾಗಿ ನೆಟ್ಟು, ಯಾವುದು ಬುಡದಲ್ಲಿ ಎಷ್ಟು ತೆಂಡೆ ಒಡೆಯಿತೆಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದ. ಬೆರಳ ಸಂದಿಯಲ್ಲಿ ಯಾವಾಗಲೂ ಮಣ್ಣು. ಅವನ ಮುಂದೆ ನಾನು ಏನೇನೂ ಅಲ್ಲ ಎಂದು ಆಗಲೂ ಗೊತ್ತಿತ್ತು. ಆದರೂ ನಾನು ಅರ್ಜಿ ತಂದೆ, ಅವನೂ ತಂದ. ಇಬ್ಬರೂ ಒಂದೇ ದಿನ ಬೆಳಿಗ್ಗೆ ಅವನ ಅಪ್ಪನ ಮುಂದೆ ನಿಂತೆವು.

ಮೊದಲು ನನ್ನದನ್ನು ತೆಗೆದುಕೊಂಡರು. ಹೊಲ ಉಳುವವರು ಯಾರು ಎಂದು ಕೇಳಿದರು. ಅಪ್ಪ ಎಂದೆ. ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು.

“ನಿಮ್ಮಪ್ಪ ನೇಗಿಲು ಹಿಡಿದದ್ದನ್ನ ನಾನು ಕಂಡಿಲ್ಲ. ನಿಮ್ಮಮ್ಮ ಹಿಡಿದದ್ದನ್ನ ಕಂಡಿದೀನಿ.”

ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಹೆಂಗಸು ನೇಗಿಲು ಮುಟ್ಟಿದರೆ ಊರಿಗೆ ಮಳೆಯಾಗುವುದಿಲ್ಲ ಎಂದು ನಂಬುತ್ತಿದ್ದ ಕಾಲ ಅದು. ಅಪ್ಪ ಗಣಿಗೆ ಸೇರಿದ ಮೇಲೆ ಅಮ್ಮ ಬೆಳಕು ಹರಿಯುವ ಮೊದಲೇ ಎತ್ತು ಹೂಡಿ, ಜನ ಓಡಾಡುವ ಹೊತ್ತಿಗೆ ಮನೆಗೆ ಬಂದು ರೊಟ್ಟಿ ತಟ್ಟುತ್ತಾ ಕೂತಿರುತ್ತಿದ್ದಳು. ಊರಿಗೆ ಗೊತ್ತಿಲ್ಲ ಎಂದುಕೊಂಡಿದ್ದೆವು. ಬದುವಿನ ಮೇಲೆ ನಡೆಯುವ ಮನುಷ್ಯನಿಗೆ ಗೊತ್ತಿತ್ತು, ಅಷ್ಟು ವರ್ಷ ಬಾಯಿ ಬಿಟ್ಟಿರಲಿಲ್ಲ. ಅವತ್ತು ‘ಈತನ ತಾಯಿ ಸ್ವಂತ ಕೈಯಿಂದ ಉಳುತ್ತಾರೆ, ನಾನು ಕಣ್ಣಾರೆ ಕಂಡಿದ್ದೇನೆ’ ಎಂದು ಬರೆದು ಸಹಿ ಹಾಕಿದರು.

ಆಮೇಲೆ ಮಗನ ಅರ್ಜಿ. ಅದನ್ನು ಓದಿ, ಮಡಿಸಿ, ವಾಪಸು ಕೊಟ್ಟರು.

“ನಮ್ಮ ಹೊಲ ವಾರಕ್ಕೆ ಕೊಟ್ಟಿದೀವಿ. ಉಳೋನು ಬೇರೆಯವನು, ನಮಗೆ ಬರೋದು ಬೆಳೆಯ ಪಾಲು ಅಷ್ಟೇ. ಇದಕ್ಕೆ ನಾನು ಸಹಿ ಹಾಕೋಕಾಗಲ್ಲ.”

ಬಾಗಿಲಲ್ಲಿ ನಿಂತಿದ್ದ ಅವರ ಹೆಂಡತಿ, ಎಲ್ಲರೂ ಬರೆದುಕೊಡುವುದೇ ಅಲ್ಲವೇ, ಒಬ್ಬನೇ ಮಗನಲ್ಲವೇ ಎಂದು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಮಗ ಅಳಲಿಲ್ಲ. ಹಿತ್ತಲಿನ ಕಡೆ ಕೈ ತೋರಿಸಿದ.

“ಅಲ್ಲಿ ನಾನು ಬೆಳೆದದ್ದೇನಪ್ಪಾ? ಅದನ್ನೂ ನೀವು ಕಂಡಿಲ್ವಾ?”

“ಕಂಡಿದೀನಿ. ಹಿತ್ತಲು ಪಹಣೀಲಿ ಬರೋಲ್ಲಪ್ಪ.”

ಅದನ್ನು ಹೇಳುವಾಗ ಅವರ ದನಿ ಸಣ್ಣದಾಗಿತ್ತು ಎಂದು ಈಗ ಅನ್ನಿಸುತ್ತದೆ. ಅಥವಾ ಹಾಗಿತ್ತು ಎಂದು ನಾನೇ ಅಂದುಕೊಳ್ಳುತ್ತಿದ್ದೇನೋ... ಅವತ್ತು ನಾನು ಅವರ ಮುಖ ನೋಡಲಿಲ್ಲ. ನನ್ನ ಕಾಗದ ನನ್ನ ಕೈಗೆ ಬಂದಿತ್ತು, ಅದನ್ನು ಬಿಗಿಯಾಗಿ ಹಿಡಿದುಕೊಂಡು ನಿಂತಿದ್ದೆ.

ಮನೆಯಲ್ಲಿ ಅದನ್ನು ಓದಿ ಹೇಳಿದಾಗ ಅಪ್ಪನಿಗೆ ಕೆಂಡದಂಥ ಕೋಪ ಬಂತು. “ಊರೆಲ್ಲ ನಗೋಂಗೆ ಬರ್ದವ್ರಲ್ಲ! ನಾನು ಸತ್ತೋಗಿದ್ನಾ?” ಎಂದು ಕೂಗಾಡಿದರು. ಅಮ್ಮ ಮುದ್ದೆ ಕಟ್ಟುತ್ತಿದ್ದವಳು ತಲೆ ಎತ್ತಲಿಲ್ಲ. “ನಗ್ಲಿ ಬುಡು. ಉತ್ತಿದ್ದು ನಾನೇ ತಾನೇ?” ಎಂದವಳು ನನ್ನ ಕಡೆ ತಿರುಗಿ, “ಓಗ್ಲಾ, ಮದ್ಲು ಅದ್ನ ತಕಂಡೋಗಿ ಕೊಟ್ಟು ಬಾ” ಎಂದಳು. ನಾನು ಬೌರಿಂಗ್‌ಪೇಟೆಗೆ, ಈಗಿನ ಬಂಗಾರಪೇಟೆಗೆ, ಅವತ್ತೇ ಓಡಿದೆ.

ವಿದ್ಯಾರ್ಥಿವೇತನ ನನಗೆ ಬಂತು. ನಾನು ರೈಲು ಹತ್ತುವ ದಿನ ಗೆಳೆಯ ಸ್ಟೇಷನ್ನಿಗೆ ಬಂದು ತನ್ನ ರಾಗಿಯ ನೋಟ್‌ಬುಕ್ಕನ್ನು ನನ್ನ ಕೈಯಲ್ಲಿಟ್ಟ. “ನಿಂಗೆ ಇದೊಂದೂ ತಿಳಿಯೋಲ್ಲ, ಇಟ್ಕೋ” ಎಂದು ನಕ್ಕ. ಅದಾದ ಸ್ವಲ್ಪ ದಿನಕ್ಕೆ ಯಾರಿಗೂ ಹೇಳದೆ ಸೈನ್ಯದ ಗುಮಾಸ್ತನ ಕೆಲಸಕ್ಕೆ ಸೇರಿಕೊಂಡ. ಯುದ್ಧ ನಡೆಯುತ್ತಿತ್ತು, ಕೇಳಿದವರನ್ನೆಲ್ಲ ಸೇರಿಸಿಕೊಳ್ಳುತ್ತಿದ್ದರು. ಹಾಸ್ಟೆಲ್ಲಿಗೆ ಅವನ ಕಾಗದಗಳು ಬರುತ್ತಿದ್ದವು. ಕ್ಯಾಂಪಿನ ಊಟದ ತಮಾಷೆ, ನನ್ನ ಪಾಠಗಳ ವಿಚಾರಣೆ. ಮನೆಯ ವಿಷಯ ಎತ್ತುತ್ತಿರಲಿಲ್ಲ.

ಮರುವರ್ಷದ ರಜೆಗೆ ಊರಿಗೆ ಹೋದಾಗ ಶಾನುಭೋಗರು ನಮ್ಮ ಹೊಲದ ಬದುವಿನ ಮೇಲೆ ಸಿಕ್ಕಿದರು. ಅದೇ ಕೊಡೆ, ಬಗಲಲ್ಲಿ ಅದೇ ಕೆಂಪು ಗಂಟು. ಮೈ ಅರ್ಧಕ್ಕರ್ಧ ಇಳಿದಿತ್ತು. ಕಾಲೇಜಿನ ಮಣ್ಣು ಎಂಥದ್ದು, ಅಲ್ಲಿ ಯಾವ ಬೆಳೆ ಎಂದೆಲ್ಲ ಕೇಳಿದರು. ಹೊರಡುವವರಂತೆ ಎರಡು ಹೆಜ್ಜೆ ಇಟ್ಟು, ನಿಂತು, ನನ್ನ ಕಡೆ ನೋಡದೆ ಕೇಳಿದರು.

“ಅವನು ನಿನಗೆ ಕಾಗದ ಬರೀತಾನಂತೆ?”

“ಬರೀತಾನೆ ಸ್ವಾಮಿ. ನಿಮ್ಮನ್ನ ಕೇಳ್ತಾನೆ. ಅಪ್ಪ ಎಂಗವ್ರೆ ಅಂತ ಯಾವಾಗ್ಲೂ ಕೇಳ್ತಿರ್ತಾನೆ.”

ಅವರು ತಿರುಗಿದರು. ಆ ಮುಖ ಅರಳಿದ್ದನ್ನು ನಾನು ಮರೆತಿಲ್ಲ. ಕೈ ಚಾಚಿದರು.

“ಎಲ್ಲಿ, ಆ ಸಾಲು ತೋರಿಸು.”

ಕಾಗದ ನನ್ನ ಜೇಬಿನಲ್ಲೇ ಇತ್ತು, ಹಿಂದಿನ ವಾರ ಬಂದದ್ದು. ಅದರಲ್ಲಿ ಮೊಟ್ಟಮೊದಲ ಸಲ ಅಪ್ಪನ ಮಾತು ಬರೆದಿದ್ದ. ‘ಅಪ್ಪ ಮಾಡಿದ್ದು ಸರಿ ಕಣೋ. ನಾನೇ ಶಾನುಭೋಗನಾಗಿದ್ದರೂ ಅದನ್ನೇ ಬರೆಯುತ್ತಿದ್ದೆ. ಆದರೂ ಅವರ ಮೇಲಿನ ಸಿಟ್ಟು ಇಳಿದಿಲ್ಲ, ಕಾಗದ ಬರೆಯೋಣವೆಂದು ಕೂತರೆ ಕೈ ಏಳುವುದಿಲ್ಲ.’ ಇಷ್ಟೇ. ಹೇಗಿದ್ದಾರೆ ಎಂದು ಕೇಳಿರಲಿಲ್ಲ. ಮಗನಿಗೆ ಇನ್ನೂ ಸಿಟ್ಟಿದೆ ಎಂದು ಓದಿ ಮುದುಕರು ನೊಂದುಕೊಳ್ಳುತ್ತಾರೆ ಎಂದು ನಾನು ಹೆದರಿದೆ. ಕಾಗದ ಹಾಸ್ಟೆಲ್ಲಿನಲ್ಲಿದೆ ಎಂದು ಇನ್ನೊಂದು ಸುಳ್ಳು ಹೇಳಿದೆ.

ಅವರ ಕಣ್ಣು ಒಂದು ಗಳಿಗೆ ನನ್ನ ಜೇಬಿನ ಮೇಲೆ ನಿಂತಿತು. ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡರು. “ಸರಿಯಪ್ಪ” ಎಂದು ಕೊಡೆ ಬಿಚ್ಚಿ ಮುಂದಿನ ಹೊಲಕ್ಕೆ ಹೋದರು.

ಅದೇ ಅವನ ಕೊನೆಯ ಕಾಗದ. ಅದಾದ ಮೇಲೆ ನಾನು ಬರೆದದ್ದೆಲ್ಲ ವಾಪಸು ಬಂತು. ಬರ್ಮಾದ ಕಡೆ ಎಲ್ಲೋ ಕಾಯಿಲೆ ಬಿದ್ದು ತೀರಿಹೋದನಂತೆ... ಶಾನುಭೋಗರ ಮನೆಗೆ ಇಂಗ್ಲಿಷಿನ ಒಂದು ಕಾಗದ ಬಂತು, ಅದನ್ನು ಅವರು ತಾವೇ ಓದಿಕೊಂಡರಂತೆ. ಕಾಗದ ಬಂದ ಮಾರನೆಯ ದಿನವೂ ಪಹಣಿಗೆ ಹೊರಟರು ಎಂದು ಅಮ್ಮ ಹೇಳಿದಳು. ನಾನು ಓದು ಮುಗಿಸಿ, ಮೈಸೂರಿನ ಕಡೆ ಕೆಲಸಕ್ಕೆ ಸೇರಿದ ಹೊಸತರಲ್ಲಿ ಅವರೂ ಹೋದರು. ಸುದ್ದಿ ನನಗೆ ತಲುಪುವ ಹೊತ್ತಿಗೆ ತಿಥಿಯೂ ಮುಗಿದಿತ್ತು.

ಕೆಲಸದಲ್ಲಿದ್ದಷ್ಟು ಕಾಲ ವ್ಯವಸಾಯ ಓದುವ ಹುಡುಗರಿಗೆ ವಿದ್ಯಾರ್ಥಿವೇತನ ಕೊಡುವ ಸಮಿತಿಗಳಲ್ಲಿ ಕೂತಿದ್ದೇನೆ. ಎದುರಿಗೆ ಬಂದ ಹುಡುಗನ ಕಾಗದಪತ್ರಗಳನ್ನು ನೋಡುವ ಮೊದಲು, ಮನೆಯ ಹಿತ್ತಲಲ್ಲಿ ಏನು ಬೆಳೆದಿದ್ದೀಯ ಎಂದು ಕೇಳುತ್ತಿದ್ದೆ. ಜೊತೆಯವರಿಗೆ ಅದೊಂದು ತಮಾಷೆಯಾಗಿತ್ತು. ಹಾಗೆ ಒಂದಿಬ್ಬರಿಗೆ ಒಳ್ಳೆಯದಾಗಿರಬಹುದು. ಅದರಿಂದ ನನ್ನ ಗೆಳೆಯನಿಗೇನು ಬಂತು?

ನಾನು ತಂದೆಯಾದೆ, ಈಗ ತಾತನೂ ಆಗಿದ್ದೇನೆ. ಮಕ್ಕಳು ನನ್ನ ಮೇಲೆ ಸಿಟ್ಟು ಮಾಡಿಕೊಂಡ ದಿನಗಳನ್ನೂ ಕಂಡಿದ್ದೇನೆ. ಮಗನ ಸಿಟ್ಟು ಶಾನುಭೋಗರಿಗೆ ಹೊಸದಾಗಿರಲಿಲ್ಲ, ದಿನವೂ ಅದನ್ನು ಉಂಡು ಮಲಗುತ್ತಿದ್ದರು. ಗೊತ್ತಿಲ್ಲದೇ ಇದ್ದದ್ದು ಅದರ ಹಿಂದಿನ ಸಾಲು. ‘ಅಪ್ಪ ಮಾಡಿದ್ದು ಸರಿ ಕಣೋ.’ ಮಗನ ಕೈಬರಹದಲ್ಲೇ ಇತ್ತು. ಅವರು ಅದನ್ನು ಕಣ್ಣಾರೆ ಕಾಣಬಹುದಿತ್ತು, ನಾನು ಜೇಬಿಗೆ ಕೈ ಹಾಕಿದ್ದರೆ.