ಹನ್ನೊಂದು ಸಲ ಸತ್ತ ಕ್ಯಾಂಟೀನ್ ಆಂಟಿ

ಬೆಳಗಿನ ಐದು ಗಂಟೆ. ಶಾಲೆಯ ಗೇಟಿನ ಬೀಗ ಇನ್ನೂ ತೆಗೆದಿಲ್ಲ. ಹಿಂಬದಿಯ ಕ್ಯಾಂಟೀನಿನಲ್ಲಿ ಮಾತ್ರ ದೀಪ ಉರಿಯುತ್ತಿದೆ. ಫೂಂಗ್ ಯೋಕ್ ಲಾನ್ ತೋಳು ಮಡಚಿ, ದೊಡ್ಡ ಬಾಣಲೆಯಲ್ಲಿ ಬೆಳ್ಳುಳ್ಳಿ ಹುರಿಯುತ್ತಿದ್ದಾರೆ. ನೆನೆಹಾಕಿದ ಅಕ್ಕಿ ಶ್ಯಾವಿಗೆ ಪಕ್ಕದ ಬುಟ್ಟಿಯಲ್ಲಿ ನೀರು ಸೋರುತ್ತಿದೆ. ಏಳು ಗಂಟೆಯೊಳಗೆ ನೂರಾ ಎಂಬತ್ತು ತಟ್ಟೆ ಶ್ಯಾವಿಗೆ, ಅರವತ್ತು ಮೊಟ್ಟೆ, ಎರಡು ಪಾತ್ರೆ ಬಾರ್ಲಿ ನೀರು ಸಿದ್ಧವಾಗಬೇಕು. ವಯಸ್ಸು ಅರವತ್ತೆರಡು. ಮಂಡಿಗೆ ಎಣ್ಣೆ ಹಚ್ಚಿ ಬಟ್ಟೆ ಸುತ್ತಿಕೊಂಡಿದ್ದಾರೆ. ಈ ಕೆಲಸದ ನಡುವೆಯೇ ಅವರು ಇದುವರೆಗೆ ಹನ್ನೊಂದು ಸಲ ಸತ್ತಿದ್ದಾರೆ.

ಕೌಲಾಲಂಪುರಕ್ಕೆ ಉತ್ತರದ ಪೆರಾಕ್ ರಾಜ್ಯದ ಶಾಲಾಮಕ್ಕಳಿಗೆ ವರ್ಷಕ್ಕೊಮ್ಮೆ ಕಿರುಚಿತ್ರ ಸ್ಪರ್ಧೆ ನಡೆಯುತ್ತದೆ. ಐದು ನಿಮಿಷದ ಚಿತ್ರ. ಫೋನಿನಲ್ಲೇ ತೆಗೆಯಬಹುದು, ನಟರು ಯಾರಾದರೂ ಆಗಬಹುದು. ತೀರ್ಪುಗಾರರ ಕಣ್ಣಲ್ಲಿ ನೀರು ಬಂದರೆ ಬಹುಮಾನ ಬಂದ ಹಾಗೇ ಎಂಬುದನ್ನು ಈ ಮಕ್ಕಳು ಬೇಗನೆ ಕಲಿತುಬಿಟ್ಟಿದ್ದಾರೆ. ಹಾಗಾಗಿ ಪ್ರತಿ ಚಿತ್ರದಲ್ಲೂ ಒಬ್ಬ ತಾಯಿ ಸಾಯಲೇಬೇಕು. ಅಪಶಕುನವೆಂದು ಯಾವ ಮಗುವಿನ ತಾಯಿಯೂ ಅದಕ್ಕೆ ಒಪ್ಪುವುದಿಲ್ಲ, ಟೀಚರುಗಳಂತೂ ಮೊದಲೇ ಜಾರಿಕೊಳ್ಳುತ್ತಾರೆ. ಕೊನೆಗೆ ಸಿಗುವವರು ಕ್ಯಾಂಟೀನ್ ಆಂಟಿ.

“ಕ್ಯಾನ್ಸರ್‌ಗೆ ನಾಲ್ಕು ಸಲ ಹೋಗಿದೀನಿ. ಲಾರಿ ಗುದ್ದಿ ಮೂರು ಸಲ. ಒಂದ್ಸಲ ಮಗಳು ಪರೀಕ್ಷೇಲಿ ಫೇಲಾದ್ಳು ಅಂತ ಎದೆ ಒಡ್ಕೊಂಡು ಸತ್ತೆ. ಆ ಕತೆ ಬರ್ದೋನೇ ಗಣಿತದಲ್ಲಿ ಫೇಲು!” ಎನ್ನುತ್ತಾರೆ ಯೋಕ್ ಲಾನ್, ಸಟ್ಟುಗ ನಿಲ್ಲಿಸದೆ. “ಮಾತು ಒಂದೂ ಕೊಡಲ್ಲ. ಮಲ್ಕೊಂಡು ಉಸಿರು ಹಿಡ್ಕೊಂಡ್ರೆ ಮುಗೀತು. ಇಲ್ಲಾಂದ್ರೆ ಫೋಟೋ ಆಗಿ ಗೋಡೆ ಮೇಲೆ ಕೂರ್ತೀನಿ.”

ಸತ್ತವರ ಪಾತ್ರ ಮಾಡಿದವರಿಗೆ, ಸತ್ತವರ ಫೋಟೋಗೆ ಮುಖ ಕೊಟ್ಟವರಿಗೆ ಕೆಂಪು ಲಕೋಟೆ ಕೊಡುವುದು ಇಲ್ಲಿನವರ ಪದ್ಧತಿ. ಒಳಗೆ ಒಂದು ರಿಂಗಿಟ್ ನೋಟು ಇದ್ದರೂ ಸಾಕು. ಕೆಂಪು ಕೈಗೆ ಬಂದರೆ ಸಾವು ಆಟದಲ್ಲೇ ಮುಗಿಯಿತು ಎಂದರ್ಥ. ಬಾರದಿದ್ದರೆ ಅದು ಬೆನ್ನು ಹತ್ತಿ ಮನೆಗೆ ಬರುತ್ತದಂತೆ. ಒಂಬತ್ತು ವರ್ಷದ ಹಿಂದೆ ಮಕ್ಕಳು ಅದನ್ನು ಮರೆತರು. ಸಂಜೆಯ ಬಸ್ಸು ತಪ್ಪುತ್ತದೆಂಬ ಗಡಿಬಿಡಿಯಲ್ಲಿ ಎಲ್ಲರೂ ಓಡಿದರು. ಯೋಕ್ ಲಾನ್ ಬಾಯಿಬಿಟ್ಟು ಕೇಳಲಿಲ್ಲ. “ಸ್ಕೂಲ್ ಮಕ್ಳ ಮುಂದೆ ಕೈ ಚಾಚೋಕೆ ನಾಚಿಕೆ ಆಯ್ತು” ಎನ್ನುತ್ತಾರೆ.

ನಾಲ್ಕನೇ ದಿನ ಅವರ ತಾಯಿ ಬಚ್ಚಲಲ್ಲಿ ಜಾರಿಬಿದ್ದು ತೀರಿಕೊಂಡರು. ಎಂಬತ್ತೊಂದು ವರ್ಷದ ಹಣ್ಣು ಜೀವ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಎಂದು ನೀವು ನಾವು ಹೇಳಬಹುದು. ತಂಗಿ ಯೋಕ್ ಕ್ವಾನ್ ಹಾಗೆನ್ನಲಿಲ್ಲ. ಶವಪೆಟ್ಟಿಗೆಯ ಪಕ್ಕದಲ್ಲೇ ನಿಂತು ಒಂದೇ ಮಾತು ಕೇಳಿದಳು: “ಚೇಚೆ, ಲಕೋಟೆ ಇಸ್ಕೊಂಡಿದ್ಯಾ?” ಚೇಚೆ ಎಂದರೆ ಅಕ್ಕ. ಅಕ್ಕ ಇಲ್ಲವೆಂದು ತಲೆಯಾಡಿಸಿದರು. ಅಂದಿನಿಂದ ಅಕ್ಕತಂಗಿಯರ ನಡುವೆ ಮಾತಿಲ್ಲ.

ಹತ್ತು ವರ್ಷ ಚಿಕ್ಕವಳಾದ ಆ ತಂಗಿಯನ್ನು ಸೊಂಟದ ಮೇಲೆ ಹೊತ್ತು ಸಾಕಿದವರು ಇದೇ ಯೋಕ್ ಲಾನ್. ಅವಳನ್ನು ಓದಿಸಲು ತಾವು ಹದಿನೈದಕ್ಕೇ ಶಾಲೆ ಬಿಟ್ಟು ಹೋಟೆಲಿನಲ್ಲಿ ಪಾತ್ರೆ ತೊಳೆದರು, ಮದುವೆಯನ್ನೂ ಮುಂದೂಡುತ್ತಾ ಹೋಗಿ ಕೊನೆಗೆ ಆ ವಿಷಯವನ್ನೇ ಕೈಬಿಟ್ಟರು. ಯೋಕ್ ಕ್ವಾನ್ ಈಗ ಇಪೋ ನಗರದಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದಾಳೆ. ಬಸ್ಸಿನಲ್ಲಿ ನಲವತ್ತು ನಿಮಿಷ, ಅಷ್ಟೇ ದೂರ. ಹೊಸವರ್ಷದ ಹಬ್ಬಕ್ಕೆ ಅಕ್ಕ ಕಳಿಸಿದ ಕಿತ್ತಳೆ ಬುಟ್ಟಿ ಒಂಬತ್ತು ಸಲವೂ ಹಾಗೇ ವಾಪಸು ಬಂದಿದೆ. ಇದಕ್ಕಿಂತ ಜಗಳವಾಡಿದ್ದರೇ ಚೆನ್ನಾಗಿತ್ತು.

ಇಷ್ಟಾದರೂ ಸಾಯುವ ಪಾತ್ರ ಯಾಕೆ ಬಿಡಲಿಲ್ಲ? ಮೂರು ವರ್ಷ ಬಿಟ್ಟಿದ್ದರು. ನಾಲ್ಕನೇ ವರ್ಷ ಮಕ್ಕಳು ಬಂದು ಕೇಳಿದಾಗ ಒಪ್ಪಿಕೊಂಡರು. “ಒಲ್ಲೆ ಅಂದ್ರೆ ಅವ್ಳು ಹೇಳಿದ್ದು ನಿಜ ಅಂತ ನಾನೇ ಒಪ್ಕೊಂಡಂಗೆ ಅಲ್ವಾ? ಅಮ್ಮನ್ನ ನಾನು ಕೊಂದಿಲ್ಲ.” ಈಗ ಮಾತ್ರ ಲಕೋಟೆ ಕೈಗೆ ಬಂದ ಮೇಲೇ ಮಲಗುತ್ತಾರೆ.

ಈ ವರ್ಷದ ಚಿತ್ರದ ನಿರ್ದೇಶಕಿ ಹದಿನಾರರ ಹುಡುಗಿ ಥಾಮ್ ವೆನ್ ಶಿ. ಲಕೋಟೆ ಮೊದಲೇ ಕೊಟ್ಟಳು. ಸಾಮಾನಿನ ಕೋಣೆ ಗುಡಿಸಿ, ಗೋಡೆಗೆ ಆಂಟಿಯ ಕಪ್ಪುಬಿಳುಪು ಫೋಟೋ ತೂಗುಹಾಕಿ, ಮುಂದೆ ಎರಡು ಬಿಳಿ ಮೇಣದಬತ್ತಿ, ಊದುಬತ್ತಿ, ಒಂದು ತಟ್ಟೆ ಶ್ಯಾವಿಗೆ ಇಟ್ಟು ಚಿತ್ರ ತೆಗೆದಳು. ಆ ದೃಶ್ಯದ ಒಂದು ಫೋಟೋ ಚೆನ್ನಾಗಿ ಬಂದಿದೆಯೆಂದು ಖುಷಿಯಾಗಿ, ‘ನಿಮ್ಮ ಕೈರುಚಿ ಮರೆಯೋದಿಲ್ಲ ಆಂಟಿ’ ಎಂದು ಬರೆದು ಭಾನುವಾರ ಅದನ್ನು ಫೋನಿನಲ್ಲಿ ಎಲ್ಲರಿಗೂ ಕಾಣುವಂತೆ ಹಾಕಿಬಿಟ್ಟಳು. ಸಿನಿಮಾ ಎಂದು ಎಲ್ಲೂ ಬರೆಯಲಿಲ್ಲ.

ಸೋಮವಾರ ಬೆಳಗಾಗುವುದರೊಳಗೆ ಊರೆಲ್ಲ ಸುದ್ದಿ. ಹಳೇ ವಿದ್ಯಾರ್ಥಿಗಳು ಕೌಲಾಲಂಪುರದಿಂದ ಸಂತಾಪ ಕಳಿಸಿದರು. ಮೊಟ್ಟೆ ತರುವವನು ಸಾವಿನ ಮನೆಗೆ ದುಡ್ಡು ಹಾಕಿ ಕೊಡುವ ಬಿಳಿ ಲಕೋಟೆ ಹಿಡಿದು ಬಂದು, ಬಾಣಲೆ ಮುಂದೆ ನಿಂತಿದ್ದವರನ್ನು ಕಂಡು ಬೆವೆತುಹೋದ. “ಏನೋ, ಮೊಟ್ಟೆ ತರೋ ಅಂದ್ರೆ ಚಟ್ಟದ ದುಡ್ಡು ತಂದ್ಯಾ?” ಎಂದು ಯೋಕ್ ಲಾನ್ ಬೈದು ಕಳಿಸಿದರು. ವೆನ್ ಶಿ ಅಳುತ್ತಾ ಓಡಿಬಂದಳು.

“ಆಂಟಿ, ತಪ್ಪಾಯ್ತು. ಈಗ್ಲೇ ತೆಗೆದುಬಿಡ್ತೀನಿ.”

“ತೆಗೀಬೇಡ.”

“ಎಲ್ರೂ ನಿಜ ಅಂದ್ಕೊಂಡಿದಾರೆ ಆಂಟಿ!”

“ಅಂದ್ಕೊಳ್ಳಲಿ. ಇವತ್ತೊಂದು ದಿನ ಇರ್ಲಿ ಕಣಮ್ಮ.”

ಆ ಹುಡುಗಿಗೆ ಆಗ ಅರ್ಥವಾಗಲಿಲ್ಲ. ಯೋಕ್ ಲಾನ್‌ಗೆ ಬೇಕಿದ್ದದ್ದು ಒಂದೇ: ಈ ಸುದ್ದಿ ಇಪೋ ಮುಟ್ಟಬೇಕು, ತಂಗಿ ಬರುತ್ತಾಳೋ ಇಲ್ಲವೋ ನೋಡಬೇಕು. ಮಾಡುತ್ತಿರುವುದು ತಪ್ಪೆಂದು ಅವರಿಗೂ ಗೊತ್ತಿತ್ತು. ಆದರೂ ಕಣ್ಣು ಗೇಟಿನ ಕಡೆಗೇ. ಅಂದು ಎರಡು ಬಾಣಲೆ ಶ್ಯಾವಿಗೆ ತಳ ಹಿಡಿಯಿತು. ಇಪ್ಪತ್ತಾರು ವರ್ಷದಲ್ಲಿ ಹಾಗಾದದ್ದು ಅದೇ ಮೊದಲು.

ಹತ್ತೂವರೆಗೆ, ಮಕ್ಕಳು ತಟ್ಟೆ ಹಿಡಿದು ಸಾಲುಗಟ್ಟಿದ್ದ ಹೊತ್ತಿಗೆ, ಗೇಟಿನ ಬಳಿ ಟ್ಯಾಕ್ಸಿ ನಿಂತಿತು. ಕಪ್ಪು ಬಟ್ಟೆಯ ಹೆಂಗಸೊಬ್ಬಳು ಇಳಿದಳು. ಅಂಗಳ ದಾಟಿ, ಆಂಟಿಯ ಶವ ಎಲ್ಲಿಟ್ಟಿದ್ದಾರೆಂದು ಕೇಳಲು ಕೌಂಟರಿನ ಹತ್ತಿರ ಬಂದವಳು ಹಾಗೇ ನಿಂತುಬಿಟ್ಟಳು. ಎದುರಿಗೆ ಅಕ್ಕ, ಕೈಯಲ್ಲಿ ಸಟ್ಟುಗ.

“ಇನ್ನೂ ಬಿಟ್ಟಿಲ್ವಾ ನೀನು ಈ ಸಾಯೋ ಆಟಾನ?” ಎಂದಳು ಯೋಕ್ ಕ್ವಾನ್.

“ಕೂತ್ಕೋ ಕ್ವಾನ್. ಏನೂ ತಿಂದಿರಲ್ಲ ನೀನು. ಒಂದು ತುತ್ತು ತಿನ್ಕೊಂಡು ಹೋಗು.”

ತಂಗಿ ಕೂರಲಿಲ್ಲ. ಕೈಯಲ್ಲಿದ್ದ ಬಿಳಿ ಲಕೋಟೆಯನ್ನು ಚೀಲಕ್ಕೆ ತುರುಕಿದಳು. ತಿರುಗಿ ನಡೆದಳು. ಯೋಕ್ ಲಾನ್ ಬಾಗಿಲವರೆಗೆ ಕುಂಟುತ್ತಾ ಹೋಗುವಷ್ಟರಲ್ಲಿ ಟ್ಯಾಕ್ಸಿ ಹೊರಟಿತ್ತು. ಅದಾಗಿ ಎರಡು ತಿಂಗಳು. ಯೋಕ್ ಕ್ವಾನ್ ಫೋನ್ ಎತ್ತುವುದಿಲ್ಲ.

ಚಿತ್ರಕ್ಕೆ ಎರಡನೇ ಬಹುಮಾನ ಬಂತು. ಕೊನೆಯಲ್ಲಿ ಓಡುವ ಹೆಸರುಗಳಲ್ಲಿ ‘ತಾಯಿ: ಕ್ಯಾಂಟೀನ್ ಆಂಟಿ’ ಎಂದಷ್ಟೇ ಇದೆ, ಅವರ ನಿಜವಾದ ಹೆಸರು ಮಕ್ಕಳಿಗೆ ಗೊತ್ತೇ ಇರಲಿಲ್ಲ. ವೆನ್ ಶಿ ಈಗಲೂ ದಿನಾ ಬಿಡುವಿನಲ್ಲಿ ಬಂದು ತಟ್ಟೆ ಒರೆಸುತ್ತಾಳೆ. ನನ್ನಿಂದಲೇ ಎಲ್ಲ ಹಾಳಾಯಿತು ಎಂದು ಕಣ್ಣೀರು ಹಾಕುತ್ತಾಳೆ. ಆಂಟಿ ಅವಳ ಮುಂದೆ ಬಾರ್ಲಿ ನೀರಿನ ಲೋಟ ಇಡುತ್ತಾರೆ.

“ಏನ್ ಹಾಳಾಯ್ತು? ಅವ್ಳ ಕಣ್ಣು ನೋಡಿದ್ಯಾ, ಹೆಂಗೆ ಊದ್ಕೊಂಡಿತ್ತು? ಕಡು ಜಿಪುಣಿ ಕಣೇ ಅವ್ಳು, ಬಸ್ ಬಿಟ್ರೆ ಬೇರೆ ಹತ್ತೋಳಲ್ಲ. ಟ್ಯಾಕ್ಸಿ ಮಾಡ್ಕೊಂಡು ಬಂದ್ಳು. ನಾನು ಸತ್ರೆ ಬರ್ತಾಳೆ. ಅಷ್ಟು ಗೊತ್ತಾಯ್ತಲ್ಲ ನಂಗೆ.”